ಹೆಪ್ಪು ಹಾಲಿಗೆ ಮಾತ್ರವಲ್ಲ, ಮಣ್ಣಿಗೂ ಬೇಕು

ಹಿತ್ತಲಲ್ಲಿ ನಾಲ್ಕು ಮಡಿ ಮಾಡಿಕೊಂಡು ಅವರೆ, ಬೆಂಡೆ, ಬದನೆ, ಸೊಪ್ಪು ಬೆಳೆಯುವ ಗೃಹಿಣಿಯರು ನಮ್ಮ ಸಣ್ಣ ಊರುಗಳಲ್ಲಿ ಇಂದಿಗೂ ಬೇಕಾದಷ್ಟು ಮಂದಿ ಇದ್ದಾರೆ. ಗಿಡ ಸ್ವಲ್ಪ ಹಳದಿಯಾಯಿತೋ, ಅಕ್ಕಪಕ್ಕದವರ ಸಲಹೆ ಒಂದೇ: "ಒಂದು ಹಿಡಿ ಯೂರಿಯಾ ಎರಚಿಬಿಡ್ರೀ, ನಾಲ್ಕು ದಿನದಲ್ಲಿ ಹಸಿರಾಗುತ್ತೆ." ಹಸಿರಾಗುವುದೇನೋ ನಿಜ. ಆದರೆ ಅವರೆ ಬಳ್ಳಿಗೆ ಧಾರಾಳವಾಗಿ ಯೂರಿಯಾ ಹಾಕಿದರೆ ಎಲೆ ಚಪ್ಪರದ ತುಂಬ ಹಬ್ಬುತ್ತದೆ, ಕಾಯಿಗೆ ಹುಡುಕಬೇಕು. ಸಾರಿಗೆ ಬೇಕಾದ್ದು ಕಾಯಿಯೇ ಹೊರತು ಎಲೆಯಲ್ಲವಲ್ಲ! ದುಡ್ಡು ಕೊಟ್ಟು ತಂದದ್ದೇ ಬೆಳೆಗೆ ಅಡ್ಡಿಯಾಗುವುದು ಹೇಗೆ ಅಂತ ತಿಳಿದುಕೊಂಡರೆ ಹಿತ್ತಲಿಗೂ ಲಾಭ, ಕೈಚೀಲಕ್ಕೂ ಲಾಭ.

ಬೇರಿನಲ್ಲೇ ಅಡುಗೆಮನೆ

ಗಿಡ ಹಸಿರಾಗಿ ಬೆಳೆಯಲು ಸಾರಜನಕ ಬೇಕೇ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದು ಪುಟ್ಟ ಮಗುವಿನ ಕೈಗೆ ಕೊಟ್ಟ ತೆಂಗಿನಕಾಯಿಯಂತೆ. ಒಳಗೆ ತಿರುಳಿದೆ, ಒಡೆಯುವ ಶಕ್ತಿ ಮಗುವಿಗಿಲ್ಲ. ಕಾರ್ಖಾನೆಯಲ್ಲಿ ಅದನ್ನು ಒಡೆಯಲು ನಾನೂರು ಡಿಗ್ರಿಗೂ ಮೀರಿದ ಶಾಖ, ಭಾರೀ ಒತ್ತಡ ಬೇಕು. ಜರ್ಮನಿಯ ಹೇಬರ್ ಆ ದಾರಿ ಕಂಡುಹಿಡಿದರು. 1913ರಲ್ಲಿ ಅಲ್ಲಿಯ ಒಪ್ಪಾವಿನಲ್ಲಿ ಮೊದಲ ದೊಡ್ಡ ಕಾರ್ಖಾನೆ ಶುರುವಾಯಿತು. ಯೂರಿಯಾ ಆ ಬಗೆಯ ಕಾರ್ಖಾನೆಗಳ ಕೂಸು.

ಇದೇ ಕೆಲಸವನ್ನು ತಣ್ಣನೆಯ ಮಣ್ಣಿನಲ್ಲಿ ಸದ್ದಿಲ್ಲದೆ ಮಾಡುವುದು ರೈಜೋಬಿಯಂ ಎಂಬ ಸೂಕ್ಷ್ಮ ಜೀವಾಣು. ಅವರೆ, ಅಲಸಂದೆ, ತೊಗರಿ, ಹೆಸರು, ಉದ್ದು, ಹುರುಳಿ, ಕಡಲೆಕಾಯಿ ಇವುಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಜೀವಾಣುವಿನ ಮನೆ ಅದೇ. ಗಿಡ ಅದಕ್ಕೆ ಸಕ್ಕರೆಯಂಶ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಒಳ್ಳೆಯ ನೆರೆಹೊರೆ! ಈ ಗುಟ್ಟನ್ನು ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ಎಂಬ ವಿಜ್ಞಾನಿಗಳು 1880ರ ದಶಕದಲ್ಲಿ ತೋರಿಸಿಕೊಟ್ಟರು. ನಮ್ಮ ಹಳೇ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುವ ರೂಢಿಯ ಹಿಂದೆಯೂ ಇದೇ ಅನುಕೂಲವಿದೆ.

ಈಗ ಯೂರಿಯಾದ ವಿಷಯ. ಪಕ್ಕದ ಮನೆಯಿಂದ ದಿನಾ ಸಿದ್ಧ ಅಡುಗೆ ಬರುತ್ತಿದ್ದರೆ ಒಲೆ ಹಚ್ಚುವವರು ಯಾರು? ಯೂರಿಯಾ ಹೆಚ್ಚಾದಾಗ ಬೇರಿನಲ್ಲಿ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಯೂರಿಯಾ ವಿಷವೆಂದಲ್ಲ. ಹೊಲದ ಭತ್ತ, ಜೋಳಕ್ಕೆ ಅಳತೆಯಲ್ಲಿ ಬೇಕಾದೀತು. ಕಾಳಿನ ಗಿಡಕ್ಕೆ ಹಿಡಿಗಟ್ಟಲೆ ಬೇಡ, ಅಷ್ಟೆ.

ಗಂಟು ಕೆಲಸ ಮಾಡುತ್ತಿದೆಯೇ?

ಗಿಡ ಹೂವಿಗೆ ಬರುವಾಗ ಒಂದನ್ನು ಮಣ್ಣುಸಮೇತ ಮೆಲ್ಲಗೆ ಅಗೆದು ತೆಗೆದು, ಬಕೆಟ್ ನೀರಿನಲ್ಲಿ ಬೇರು ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ಭರದಿಂದ ಸಾಗಿದೆ ಅಂತ ಅರ್ಥ. ಬೆಳ್ಳಗೆ ಅಥವಾ ಹಸಿರಾಗಿದ್ದರೆ ಕೆಲಸ ನಡೆಯುತ್ತಿಲ್ಲ. ಒಳ್ಳೆಯ ಗಂಟು ಬೆರಳಿನಿಂದ ತಳ್ಳಿದರೆ ಸುಲಭವಾಗಿ ಕಳಚುತ್ತದೆ. ಕಳಚದೆ ಬೇರೇ ಊದಿಕೊಂಡಂತಿದ್ದರೆ ಅದು ಜಂತುಹುಳುವಿನ ಕಾಟ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಬೀಜಕ್ಕೆ ಹೆಪ್ಪು ಹಾಕುವ ವಿಧಾನ

ಹಿಂದೆ ಕಾಳು ಬೆಳೆಯದ ಮಣ್ಣಿನಲ್ಲಿ ಈ ಜೀವಾಣು ಸಾಕಷ್ಟು ಇರದೆ ಹೋಗಬಹುದು. ಆಗ ಹೊರಗಿನಿಂದ ಕೊಡಬೇಕು. ಬೆಂಗಳೂರಿನ ಹಾಗೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಇದು ಜೀವಾಣು ಗೊಬ್ಬರವಾಗಿ ಸಿಗುತ್ತದೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ.

ಬೇಕಾಗುವ ಸಾಮಗ್ರಿ: ಬಿತ್ತನೆಯ ಕಾಳು ಎರಡು ಹಿಡಿ, ಆ ಕಾಳಿಗೆ ಹೊಂದುವ ರೈಜೋಬಿಯಂ ಪುಡಿ ಒಂದು ಚಮಚ, ಬೆಲ್ಲದ ಪುಡಿ ಎರಡು ಚಮಚ, ನೀರು ಅರ್ಧ ಲೋಟ.

ಮಾಡುವ ಕ್ರಮ: ಬೆಲ್ಲ ನೀರು ಕುದಿಸಿ, ಪೂರ್ತಿ ಆರಿಸಿ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಕೆಡುವಂತೆ ಇಲ್ಲೂ ಬಿಸಿ ಇದ್ದರೆ ಜೀವಾಣು ಸಾಯುತ್ತದೆ. ಕಾಳಿಗೆ ಅಂಟುವಷ್ಟೇ ಬೆಲ್ಲದ ನೀರು ಚಿಮುಕಿಸಿ, ಪುಡಿ ಉದುರಿಸಿ, ಸಿಪ್ಪೆ ಸುಲಿಯದಂತೆ ಹಗುರವಾಗಿ ಹೊರಳಿಸಿ. ನೆರಳಿನಲ್ಲಿ ಸ್ವಲ್ಪ ಆರಿಸಿ ಅಂದೇ ಬಿತ್ತಿಬಿಡಿ.

ಪೊಟ್ಟಣದ ಮೇಲಿನ ಅವಧಿ ನೋಡಿ ಕೊಳ್ಳಿ, ಬಿಸಿಲಿನಲ್ಲಿ ಇಡಬೇಡಿ, ರಾಸಾಯನಿಕ ಗೊಬ್ಬರದೊಡನೆ ಬೆರೆಸಬೇಡಿ. ಒಂದೇ ಪುಡಿ ಎಲ್ಲ ಕಾಳಿಗೂ ಆಗುವುದಿಲ್ಲ. ಅಲಸಂದೆಗೆ ಹೊಂದುವುದು ಕಡಲೆಗೆ ಹೊಂದದು. ಬದನೆ, ಬೆಂಡೆ, ರಾಗಿಯ ಬೇರಿನಲ್ಲಿ ಈ ಗಂಟೇ ಕಟ್ಟುವುದಿಲ್ಲ. ಅವಕ್ಕೆ ಅಜೋಸ್ಪಿರಿಲಂ, ಅಜೋಟೋಬ್ಯಾಕ್ಟರ್ ಎಂಬ ಬೇರೆ ಜೀವಾಣುಗಳಿವೆ. ಅವುಗಳ ಸಹಾಯ ಸ್ವಲ್ಪ ಕಡಿಮೆಯೇ.

ಹಾಲಿಲ್ಲದೆ ಹೆಪ್ಪೇನು ಮಾಡೀತು?

ಇಷ್ಟೆಲ್ಲ ಕೇಳಿ ಪೊಟ್ಟಣ ತಂದರೆ ಸಾಕು, ಗೊಬ್ಬರ ಬೇಡ ಅಂದುಕೊಳ್ಳಬಾರದು. ಗೊಬ್ಬರವಿಲ್ಲದ ಬರಡು ಮಣ್ಣಿಗೆ ಜೀವಾಣು ಹಾಕುವುದು ಬರೀ ಪಾತ್ರೆಗೆ ಹೆಪ್ಪು ಹಾಕಿದಂತೆ. 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಕಿಲೋ ಆಸುಪಾಸು, ಯೂರಿಯಾದಲ್ಲಾದರೆ 46 ಕಿಲೋ. ಆದರೆ ಮಣ್ಣು ಹಗುರವಾಗುವುದು, ನೀರು ಹಿಡಿಯುವುದು, ಎರೆಹುಳು ಬರುವುದು ಗೊಬ್ಬರದಿಂದಲೇ ಹೊರತು ಯೂರಿಯಾದಿಂದಲ್ಲ.

ಆ ಅರ್ಧ ಕಿಲೋವನ್ನೂ ನಾವು ಅನೇಕರು ಕಳೆದುಕೊಳ್ಳುತ್ತೇವೆ. ತಿಪ್ಪೆ ಬಿಸಿಲಿಗೆ ಒಡ್ಡಿಕೊಂಡಿದ್ದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟು ಅದೇ! ಮಳೆ ಬಂದರೆ ಸಾರ ಕೊಚ್ಚಿಹೋಗುತ್ತದೆ. ಸಗಣಿ ಬೆರಣಿ ತಟ್ಟಿ ಉರಿಸಿದರೆ ಸಾರಜನಕ ಹೊಗೆಯಲ್ಲಿ ಹೋಗಿ ಬೂದಿ ಉಳಿಯುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಒಳ್ಳೆಯದೇ. ಆದರೆ ಹಸಿ ಸಗಣಿಯ ಮೇಲೆ ಬೂದಿ ಸುರಿದರೆ ಅಮೋನಿಯ ಇನ್ನೂ ಬೇಗ ಹಾರುತ್ತದೆ. ಬೂದಿ ಬೇರೆ ಇಟ್ಟು, ಗಿಡದ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ.

ಹಸು ಇಲ್ಲದವರೂ ಗೊಬ್ಬರ ಮಾಡಬಹುದು. ನೆರಳಿನಲ್ಲಿ ಒಂದು ಗುಂಡಿ ತೋಡಿ. ತರಕಾರಿ ಸಿಪ್ಪೆ, ಚಹದ ಚರಟ ಒಂದು ಪಾಲಿಗೆ ಒಣ ತರಗೆಲೆ ಎರಡು ಮೂರು ಪಾಲು ಹಾಕುತ್ತ, ನಡುನಡುವೆ ಸಗಣಿ ನೀರು ಚಿಮುಕಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಹಿಂಡಿದ ಬಟ್ಟೆಯಷ್ಟು ತೇವವಿರಲಿ. ಆಗಾಗ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು, ಪುಡಿಪುಡಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ಹಸಿ ಸಗಣಿಯನ್ನು ನೇರ ಗಿಡಕ್ಕೆ ಹಾಕಬೇಡಿ. ಬೇರು ಸುಡುತ್ತದೆ, ಗೊಣ್ಣೆಹುಳು ಸೇರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಂತೂ ರೋಗಾಣುವಿನ ಭಯ.

ಕಡೆಯದಾಗಿ ಒಂದು ಮಾತು. ಕಾಯಿ ಬಿಡಿಸಿಯಾದ ಮೇಲೆ ಅವರೆ, ಅಲಸಂದೆ ಗಿಡವನ್ನು ಬೇರುಸಹಿತ ಕಿತ್ತು ಬೀದಿಗೆ ಎಸೆಯಬೇಡಿ. ಸಾರಜನಕದ ಹೆಚ್ಚು ಪಾಲು ಆಗಲೇ ಕಾಳಿನೊಡನೆ ನಮ್ಮ ಅಡುಗೆಮನೆ ಸೇರಿರುತ್ತದೆ. ಉಳಿದದ್ದು ಬೇರಿನಲ್ಲಿ, ಎಲೆಯಲ್ಲಿ. ಬುಡ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ, ಸೊಪ್ಪನ್ನು ಗುಂಡಿಗೆ ಹಾಕಿ. ಮುಂದಿನ ಸಲ ಅದೇ ಮಡಿಯಲ್ಲಿ ಬದನೆಯನ್ನೋ ದಂಟನ್ನೋ ಹಾಕಿ ನೋಡಿ, ಅವರೆ ಬಿಟ್ಟುಹೋದ ಬುತ್ತಿ ಅವಕ್ಕೆ ಸಿಗುತ್ತದೆ.