ಅರ್ಜಿಯ ಪಟ್ಟಿಯಲ್ಲಿ ನಮ್ಮ ಬೆಳೆ ಕಾಣದಿರುವುದೇಕೆ?

ಬೆಳೆ ವಿಮೆಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಸುವುದು ಈಗ ರೂಢಿಗೆ ಬಂದಿರುವುದಷ್ಟೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಬೆಳೆ ಇವುಗಳ ಹೆಸರನ್ನು ಅದರಲ್ಲಿ ಕೈಯಾರೆ ಬರೆಯುವಂತಿಲ್ಲ. ಕಾಲಮ್ಮನ್ನು ಒತ್ತಿದೊಡನೆ ಕೆಳಗಿಳಿಯುವ ಪಟ್ಟಿಯಿಂದ ಆರಿಸತಕ್ಕದ್ದು. "ತಲೆತಲಾಂತರದಿಂದ ನಾವು ಬಿತ್ತುತ್ತಿರುವ ಬೆಳೆಯ ಹೆಸರೇ ಇದರಲ್ಲಿಲ್ಲವಲ್ಲ!" ಎಂದು ಆಕ್ಷೇಪಿಸುವ ರೈತರುಂಟು. ಆಕ್ಷೇಪಿಸುವುದರಿಂದ ನಷ್ಟವಿಲ್ಲ, ಕಣ್ಣಿಗೆ ಬಿದ್ದ ಬೇರೊಂದು ಬೆಳೆಯನ್ನು ಆರಿಸಿ ಅರ್ಜಿ ಸಲ್ಲಿಸಿದರೆ ನಷ್ಟವುಂಟು. ಆದಕಾರಣ ಈ ಪಟ್ಟಿಗಳ ಕ್ರಮವನ್ನು ಗ್ರಾಮದ ಯಜಮಾನರೂ ಭೂಮಾಲೀಕರೂ ಅರಿತಿರುವುದು ಅವಶ್ಯಕವಾಗಿದೆ.

2011ನೆಯ ಇಸವಿಯ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಗ್ರಾಮಗಳು 29,340. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿಟ್ಟರೆ ಹುಡುಕುವವರ ಪಾಡೇನು? ಹೊಸಹಳ್ಳಿಯೆಂಬ ಹೆಸರಿನ ಊರುಗಳೇ ಎಷ್ಟೋ ಇರುವುದರಿಂದ, ನಮ್ಮದು ಯಾವುದೆಂಬುದು ಹೆಸರೊಂದರಿಂದಲೇ ತಿಳಿಯದು. ಆದ್ದರಿಂದ ಯಂತ್ರದೊಳಗಿನ ದಫ್ತರದಲ್ಲಿ ಪ್ರತಿಯೊಂದು ಗ್ರಾಮದ ಹೆಸರಿನೊಡನೆ ಅದರ ಹೋಬಳಿಯ ಸಂಕೇತಸಂಖ್ಯೆಯನ್ನೂ, ಹೋಬಳಿಯೊಡನೆ ತಾಲ್ಲೂಕಿನ ಸಂಖ್ಯೆಯನ್ನೂ, ತಾಲ್ಲೂಕಿನೊಡನೆ ಜಿಲ್ಲೆಯ ಸಂಖ್ಯೆಯನ್ನೂ ನಮೂದಿಸಿರುತ್ತಾರೆ. ತಾವು ತಾಲ್ಲೂಕನ್ನು ಆರಿಸಿದೊಡನೆ ಆ ಸಂಖ್ಯೆಯುಳ್ಳ ಹೋಬಳಿಗಳು ಮಾತ್ರ ಮುಂದಿನ ಪಟ್ಟಿಗೆ ಇಳಿಯುತ್ತವೆ. ಕಣದಲ್ಲಿ ಒಂದರ ಕೆಳಗೊಂದು ಜರಡಿ ಹಿಡಿದಂತೆ, ಮೇಲಿನದರಿಂದ ಇಳಿಯದೆ ಹೋದದ್ದು ಕೆಳಗಿನದರಲ್ಲಿ ಸಿಕ್ಕುವ ಸಂಭವವೇ ಇಲ್ಲ.

ಹರಪನಹಳ್ಳಿ ತಾಲ್ಲೂಕಿನವರಿಗೆ ಇದರ ತೊಡಕು ಚೆನ್ನಾಗಿ ತಿಳಿದಿರಬೇಕು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು. ತರುವಾಯ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯು ಏರ್ಪಟ್ಟಾಗ ಅದರಲ್ಲಿ ಅಡಕವಾಯಿತು. ಅಜ್ಜನ ಕ್ರಯಪತ್ರದಲ್ಲಿ ಒಂದು ಜಿಲ್ಲೆ, ಮಗನದರಲ್ಲಿ ಇನ್ನೊಂದು. ಹಳೆಯ ಪತ್ರವನ್ನು ನೋಡಿ ದಾವಣಗೆರೆಯನ್ನು ಆರಿಸಿದವರಿಗೆ ತಾಲ್ಲೂಕಿನ ಹೆಸರೇ ದೊರೆಯದು. ಅದು ಯಂತ್ರದ ದೋಷವಲ್ಲ. ಈಚಿನ ಪಹಣಿಯನ್ನು ಕೈಯಲ್ಲಿಟ್ಟುಕೊಂಡು ಅದರಲ್ಲಿರುವಂತೆಯೇ ಆರಿಸುತ್ತ ಬಂದರೆ ಈ ತೊಂದರೆಯಿಲ್ಲ.

ಬೆಳೆಯ ಪಟ್ಟಿಯ ಕಟ್ಟುಪಾಡು ಇದಕ್ಕಿಂತಲೂ ಬಿಗಿ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಯಾವ ಪ್ರದೇಶದಲ್ಲಿ ಯಾವ ಬೆಳೆಗೆ ವಿಮೆಯುಂಟೆಂಬುದನ್ನು ರಾಜ್ಯ ಸರಕಾರವು ಅಧಿಸೂಚನೆಯಿಂದ ಗೊತ್ತುಪಡಿಸುತ್ತದೆ. ನಮ್ಮಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಉಳಿದವುಗಳಿಗೆ ಹೋಬಳಿಯೂ ಘಟಕವಾಗಿರುವುದರಿಂದ, ನೆರೆಯ ಪಂಚಾಯಿತಿಯಲ್ಲಿ ಕಾಣುವ ಬೆಳೆ ನಮ್ಮದರಲ್ಲಿ ಕಾಣದಿರುವುದುಂಟು. ಮಳೆಯಾಶ್ರಿತ ರಾಗಿ ಬೇರೆ, ನೀರಾವರಿ ರಾಗಿ ಬೇರೆ. ಮುಂಗಾರಿನ ಪಟ್ಟಿಯಲ್ಲಿ ಹಿಂಗಾರಿನ ಕಡಲೆಯನ್ನು ಹುಡುಕಿ ಫಲವಿಲ್ಲ.

ಆದಕಾರಣ ಬೆಳೆಯು ಕಾಣದಿದ್ದಲ್ಲಿ ಪಂಚಾಯಿತಿ, ಹಂಗಾಮು, ನೀರಾವರಿ ಈ ಮೂರನ್ನೂ ಮತ್ತೊಮ್ಮೆ ನೋಡತಕ್ಕದ್ದು. ಆಗಲೂ ಕಾಣದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಅಧಿಸೂಚನೆಯಲ್ಲಿಯೇ ಇಲ್ಲವೆಂದು ತಿಳಿದುಬಂದರೆ, ಮುಂದಿನ ಹಂಗಾಮಿನ ಅಧಿಸೂಚನೆಗೆ ಮುಂಚೆ ಊರಿನ ಯಜಮಾನರು ಕೂಡಿ ಇಲಾಖೆಗೆ ಮನವಿ ಕೊಡುವುದು ಯೋಗ್ಯ. ಜೋಳ ಬಿತ್ತಿ ಮೆಕ್ಕೆಜೋಳವೆಂದು ಬರೆಸುವುದು ಮಾತ್ರ ಸರ್ವಥಾ ಕೂಡದು. ಹೊಲದ ಬೆಳೆ ಸಮೀಕ್ಷೆಯೊಡನೆ ವಿಮೆಯ ಅರ್ಜಿಯನ್ನು ತಾಳೆ ನೋಡುತ್ತಾರೆ. ಎರಡೂ ಕೂಡದಿದ್ದರೆ ಅರ್ಜಿ ತಿರಸ್ಕೃತವಾಗುವುದು. ಮಳೆ ಕೈಕೊಟ್ಟ ವರ್ಷದಲ್ಲಿ ಪರಿಹಾರವೂ ಇಲ್ಲದೆ ಸಾಲ ಮಾತ್ರ ಉಳಿದೀತು.

ಪಟ್ಟಿಯನ್ನು ರಚಿಸುವವರಿಗೂ ಒಂದು ಮಾತು ಹೇಳಬೇಕಾಗಿದೆ. ಕೆಲವು ಅರ್ಜಿಗಳಲ್ಲಿ ತಾಲ್ಲೂಕನ್ನು ಬದಲಾಯಿಸಿದರೂ ಮೊದಲು ಆರಿಸಿದ್ದ ಗ್ರಾಮದ ಹೆಸರು ಹಾಗೆಯೇ ನಿಂತಿರುತ್ತದೆ. ಮೇಲಿನ ಆಯ್ಕೆ ಬದಲಾದೊಡನೆ ಕೆಳಗಿನವೆಲ್ಲವೂ ಅಳಿಸಿಹೋಗಬೇಕು. ಅರ್ಜಿಯನ್ನು ಸ್ವೀಕರಿಸುವ ಯಂತ್ರವೂ ಈ ಗ್ರಾಮ ಆ ತಾಲ್ಲೂಕಿನದೇ ಎಂದು ಇನ್ನೊಮ್ಮೆ ಪರೀಕ್ಷಿಸಬೇಕು. ಖಾಲಿ ಪಟ್ಟಿಯನ್ನು ತೋರಿಸಿ ಸುಮ್ಮನಿರುವುದಕ್ಕಿಂತ "ಮೊದಲು ಹೋಬಳಿಯನ್ನು ಆರಿಸಿರಿ" ಎಂದೊಂದು ಸಾಲು ಬರೆದರೆ ಎಷ್ಟೋ ಜನರ ಅರ್ಧ ದಿನ ಉಳಿದೀತು.

ಅಲ್ಲಿಯವರೆಗೆ, ತಪ್ಪಾಗಿ ಆರಿಸಿದ್ದನ್ನು ತಿದ್ದುವಾಗ ಜಿಲ್ಲೆಯಿಂದಲೇ ಪುನಃ ಆರಂಭಿಸುವುದು ಕ್ಷೇಮ. ಹಣ ಕಟ್ಟುವುದಕ್ಕೆ ಮುಂಚೆ ಗ್ರಾಮ, ಸರ್ವೆ ನಂಬರು, ಹಿಸ್ಸಾ, ಬೆಳೆ, ವಿಸ್ತೀರ್ಣ ಇಷ್ಟನ್ನೂ ಗಟ್ಟಿಯಾಗಿ ಓದಿಸಿ ಕೇಳಿ, ರಸೀತಿಯನ್ನು ಪಹಣಿಯೊಡನೆ ಕಟ್ಟಿಡತಕ್ಕದ್ದು.