ಗುಡ್ಡದ ಟಾಂಕಿಗೆ ನೀರು: ಕರೆಂಟು ಎಷ್ಟು ಬೇಕು?

ನಮ್ಮ ಕಡೆ ಬಾವಿ ತಗ್ಗಿನಲ್ಲಿ, ಟಾಂಕಿ ಗುಡ್ಡದ ನೆತ್ತಿಯಲ್ಲಿ. ಬೇಸಗೆಯಲ್ಲಿ ತ್ರೀಫೇಸ್ ಕರೆಂಟು ಸಿಗುವ ಆರು ಗಂಟೆಯೊಳಗೆ ಟಾಂಕಿ ಎಷ್ಟು ಸಲ ತುಂಬಿತು ಎಂಬುದರ ಮೇಲೆ ಅಡಿಕೆ ತೋಟದ ಹಣೆಬರಹ. "ಪಂಪು ಎಷ್ಟು ಎಚ್‌ಪಿ?" ಅಂತ ಎಲ್ಲರೂ ಕೇಳುತ್ತಾರೆ. ನೀರು ಎಷ್ಟು ಎತ್ತರಕ್ಕೆ ಏರಬೇಕು ಎಂದು ಕೇಳುವವರು ಕಡಿಮೆ. ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದ.

ಸೂತ್ರ ಹೈಸ್ಕೂಲಿನದೇ: ಕಿಲೋ × 9.8 × ಮೀಟರ್ ಎತ್ತರ = ಕೆಲಸ, ಜೂಲ್‌ಗಳಲ್ಲಿ. 9.8 ಎಂಬುದು ಭೂಮಿಯ ಸೆಳೆತದ ಅಂಕಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಹಾಗಾಗಿ ತಕ್ಕಡಿ ಬೇಡ.

12 ಮೀಟರ್ ಆಳದಿಂದ 10 ಲೀಟರಿನ ಕೊಡಪಾನ ಸೇದಿದರೆ 1,176 ಜೂಲ್. ನೂರು ಕೊಡಕ್ಕೆ 1,17,600. ರಟ್ಟೆ ಬಿದ್ದುಹೋಗುವ ಕೆಲಸ! ಆದರೆ ಕರೆಂಟಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅದರಲ್ಲಿ ನಮ್ಮ ನೂರು ಕೊಡ ಸುಮಾರು ಮೂವತ್ತರಲ್ಲಿ ಒಂದು ಪಾಲು. ಸುಲಭ ಲೆಕ್ಕ ಹೀಗೆ:

ಲೀಟರ್ × ಮೀಟರ್ ÷ 3,67,000 = ಯೂನಿಟ್

ಎತ್ತರ ಅಳೆಯುವುದು

ಬಾವಿಯ ನೀರಿನ ಮಟ್ಟದಿಂದ ಟಾಂಕಿಗೆ ನೀರು ಬೀಳುವ ಪೈಪಿನ ಬಾಯಿವರೆಗಿನ ನೇರ ಎತ್ತರ ಬೇಕು. ಪೈಪು ಸುತ್ತುಬಳಸಿ ಹೋದರೂ ಈ ಅಂಕಿ ಬದಲಾಗದು. ಮೇಸ್ತ್ರಿಗಳು ಮಟ್ಟ ನೋಡುವ ಹಾಗೆ, ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಹಂತ ಹಂತವಾಗಿ ಅಳೆದು ಕೂಡಿಸಿದೆ. 28 ಮೀಟರ್ ಬಂತು. ಎಪ್ರಿಲಿನಲ್ಲಿ ಬಾವಿ ನೀರು ಇಳಿದಷ್ಟೂ ಇದು ಏರುತ್ತದೆ.

ಮೀಟರ್ ಹೇಳಿದ್ದು

10,000 ಲೀಟರಿನ ಟಾಂಕಿಗೆ ಲೆಕ್ಕದ ಪ್ರಕಾರ 0.76 ಯೂನಿಟ್ ಸಾಕು. ನನ್ನ 5 ಎಚ್‌ಪಿ ಪಂಪು 50 ನಿಮಿಷ ಓಡಿ 3.8 ಯೂನಿಟ್ ತಿಂದಿತ್ತು. ಐದು ಪಟ್ಟು! ಮೋಟಾರಿನ ಬಿಸಿ, ಪಂಪಿನೊಳಗಿನ ನಷ್ಟ ಇದ್ದದ್ದೇ. ದೊಡ್ಡ ಕಳ್ಳ ಪೈಪು. 120 ಮೀಟರ್ ಉದ್ದದ, ಒಂದೂವರೆ ಇಂಚಿನ ಹಳೆ ಪೈಪಿನಲ್ಲಿ ನೀರಿನ ತಿಕ್ಕಾಟದಿಂದಾಗಿ ಪಂಪಿಗೆ 50 ಮೀಟರಿಗಿಂತ ಮೇಲೆ ಎತ್ತಿದಷ್ಟು ಭಾರ ಬೀಳುತ್ತಿತ್ತು.

ಎರಡಿಂಚಿನ ಪೈಪು ಹಾಕಿ, ಎಲ್ಬೋ ಇದ್ದಲ್ಲಿ ಉದ್ದ ಬೆಂಡ್ ಕೂರಿಸಿ, ಫುಟ್‌ವಾಲ್ವಿನ ಕಸ ತೆಗೆದೆ. ಈಗ 38 ನಿಮಿಷ, 2.9 ಯೂನಿಟ್. ಆರು ಗಂಟೆಯಲ್ಲಿ ಏಳು ಟಾಂಕಿ ಆಗುತ್ತಿದ್ದಲ್ಲಿ ಒಂಬತ್ತು.

ಪೈಪು ಸಣ್ಣದಿದ್ದು ದೊಡ್ಡ ಪಂಪು ಕೂರಿಸಿದರೆ ಪ್ರಯೋಜನ ಕಡಿಮೆ. ನೀರಿನ ವೇಗ ಇಮ್ಮಡಿಯಾದರೆ ತಿಕ್ಕಾಟದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ.

"ಕರೆಂಟು ಪುಕ್ಕಟೆ, ಲೆಕ್ಕ ಯಾಕೆ ಮಾರಾಯ್ರೇ?" ಎಂದರು ನೆರೆಯವರು. ಬಿಲ್ ಬಾರದಿರಬಹುದು, ಕರೆಂಟು ಇರುವ ಗಂಟೆ ಹೆಚ್ಚಾಗುವುದಿಲ್ಲವಲ್ಲ!

ಹೊಸ ಪಂಪಿಗೆ ದುಡ್ಡು ಹಾಕುವ ಮೊದಲು ಮೂರು ಅಂಕಿ ಬರೆದಿಟ್ಟುಕೊಳ್ಳಿ: ನೇರ ಎತ್ತರ, ಟಾಂಕಿ ತುಂಬುವ ನಿಮಿಷ, ಮೀಟರಿನ ಯೂನಿಟ್. ಖರ್ಚು ಲೆಕ್ಕದ ಮೂರು ಪಟ್ಟಿನೊಳಗಿದ್ದರೆ ಚೆನ್ನ. ನಾಲ್ಕು ದಾಟಿದರೆ ಪೈಪು, ಫುಟ್‌ವಾಲ್ವ್ ಮೊದಲು ನೋಡಿ. ನನ್ನದು ಈಗ 3.8 ಪಟ್ಟು, ಇನ್ನೂ ಸುಧಾರಿಸಲಿಕ್ಕಿದೆ.