ಷೇರಿನ ಹಳೆಯ ಬೆಲೆಯನ್ನು ಓದುವ ಬಗೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಅದರ ಅರ್ಥವು ನನಗೆ ಚೆನ್ನಾಗಿ ಮನದಟ್ಟಾದದ್ದು ೨೦೧೮ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲನೆಯ ವಾರದಲ್ಲಿ. ನನ್ನ ಅಕ್ಕನ ಬಳಿ ಇನ್ಫೋಸಿಸ್ ಕಂಪೆನಿಯ ೬೦ ಷೇರುಗಳಿದ್ದವು. ಭಾವನವರು ತೀರಿಕೊಂಡ ತರುವಾಯ ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು, ಮಗಳ ಮುಂದಿನ ವಿದ್ಯಾಭ್ಯಾಸಕ್ಕೆಂದು, ಆಕೆ ಹಾಗೆ ತೊಡಗಿಸಿದ್ದಳು. ಒಂದು ದಿನ ಸಂಜೆ ಗಾಬರಿಯಿಂದ ನಮ್ಮ ಮನೆಗೆ ಬಂದವಳೇ, “ಏನೋ ತಮ್ಮಾ, ನಿನ್ನೆ ಸಾವಿರದ ನಾನೂರರ ಮೇಲಿದ್ದದ್ದು ಇವತ್ತು ಏಳುನೂರ ಚಿಲ್ಲರೆಗೆ ಬಂದಿದೆ. ಅರ್ಧಕ್ಕೆ ಅರ್ಧ ಹೋಯಿತಲ್ಲೋ! ಉಳಿದದ್ದಾದರೂ ಉಳಿಯಲಿ ಎಂದು ಎಲ್ಲವನ್ನೂ ಮಾರಿಬಿಟ್ಟೆ” ಎಂದಳು.

ಕೆಲವು ದಿನಗಳಾದ ಮೇಲೆ ಆಕೆಯ ಲೆಕ್ಕದಲ್ಲಿ ಮತ್ತೆ ೬೦ ಷೇರುಗಳು ಕಾಣಿಸಿಕೊಂಡವು. ಮಾರಿಹೋದ ವಸ್ತು ಮರಳಿ ಬಂದದ್ದೆಂತು? ವಿಷಯವಿಷ್ಟೆ. ಕಂಪೆನಿಯು ಆಗ ಪ್ರತಿಯೊಂದು ಷೇರಿಗೂ ಮತ್ತೊಂದನ್ನು ಬೋನಸ್ಸಾಗಿ ಕೊಟ್ಟಿತ್ತು. ಅರವತ್ತು ಇದ್ದುದು ನೂರಿಪ್ಪತ್ತಾಯಿತು. ಒಂದೊಂದರ ಬೆಲೆ ಅರ್ಧವಾಯಿತು. ಒಂದು ಹೋಳಿಗೆಯನ್ನು ಎರಡಾಗಿ ಮುರಿದರೆ ತುಂಡು ಚಿಕ್ಕದಾದೀತೇ ಹೊರತು ಹೋಳಿಗೆ ಕಡಮೆಯಾದೀತೆ? ಅಕ್ಕನು ಕಂಡದ್ದು ತುಂಡಿನ ಬೆಲೆಯನ್ನು. ಎಣಿಸಬೇಕಾಗಿದ್ದದ್ದು ತಟ್ಟೆಯಲ್ಲಿದ್ದುದನ್ನು.

ಇಂಥ ಗಾಬರಿ ಬೇರೆ ಮನೆಗಳಲ್ಲಿಯೂ ಆಗಬಹುದು. ಆದಕಾರಣ ಷೇರಿನ ಹಿಂದಿನ ಬೆಲೆಗಳ ಪಟ್ಟಿಯನ್ನು ಗೃಹಸ್ಥರು ಹೇಗೆ ಓದಬೇಕು, ಅದರಿಂದ ಎಷ್ಟನ್ನು ತಿಳಿಯಬಹುದು, ಎಷ್ಟನ್ನು ತಿಳಿಯಲಾಗದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಪಟ್ಟಿಯಲ್ಲಿ ಇರುವುದೇನು?

ಮುಂಬಯಿಯಲ್ಲಿ ಎರಡು ದೊಡ್ಡ ಷೇರುಪೇಟೆಗಳಿವೆ. ಒಂದು ೧೮೭೫ರಲ್ಲಿ ಸ್ಥಾಪಿತವಾದ ಬಾಂಬೆ ಷೇರುಪೇಟೆ. ಮತ್ತೊಂದು ೧೯೯೪ರಲ್ಲಿ ವ್ಯಾಪಾರವನ್ನು ಆರಂಭಿಸಿದ ರಾಷ್ಟ್ರೀಯ ಷೇರುಪೇಟೆ. ಬೆಂಗಳೂರಿನಲ್ಲಿಯೂ ೧೯೬೩ರಲ್ಲಿ ಒಂದು ಪೇಟೆ ಹುಟ್ಟಿತ್ತಾದರೂ ಅದು ೨೦೧೪ರಲ್ಲಿ ನಿಂತುಹೋಯಿತು. ಪೇಟೆಯು ನಡೆದ ಪ್ರತಿಯೊಂದು ದಿನಕ್ಕೂ ಪಟ್ಟಿಯಲ್ಲಿ ಐದು ಅಂಕಿಗಳು ಮುಖ್ಯವಾಗಿ ಇರುತ್ತವೆ: ಆರಂಭದ ಬೆಲೆ, ಅಂದಿನ ಅತಿ ಹೆಚ್ಚಿನ ಬೆಲೆ, ಅತಿ ಕಡಮೆಯ ಬೆಲೆ, ಮುಕ್ತಾಯದ ಬೆಲೆ, ಮತ್ತು ಕೈಬದಲಾದ ಷೇರುಗಳ ಸಂಖ್ಯೆ.

ಇವುಗಳಲ್ಲಿ ಮುಕ್ತಾಯದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಅದು ಕಟ್ಟಕಡೆಯ ಒಂದು ವ್ಯಾಪಾರದ ಬೆಲೆಯೆಂದು ಭಾವಿಸಬಾರದು; ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಅದು ಕಡೆಯ ಅರ್ಧ ಗಂಟೆಯ ವ್ಯಾಪಾರಗಳ ಸರಾಸರಿ. ಯಾರೋ ಒಬ್ಬನು ಕೊನೆಯ ಗಳಿಗೆಯಲ್ಲಿ ನಾಲ್ಕು ಷೇರುಗಳನ್ನು ಹೆಚ್ಚು ಬೆಲೆಗೆ ಕೊಂಡು ಲೆಕ್ಕವನ್ನು ಕೆಡಿಸಬಾರದೆಂಬುದು ಇದರ ಉದ್ದೇಶ. ಕೈಬದಲಾದ ಸಂಖ್ಯೆಯನ್ನೂ ಅಲಕ್ಷಿಸಬಾರದು. ದಿನಕ್ಕೆ ಹತ್ತಿಪ್ಪತ್ತು ಷೇರುಗಳು ಮಾತ್ರ ಮಾರಾಟವಾಗುವ ಕಡೆ ಬೆಲೆಯು ಬರಿಯ ಹೆಸರಿಗೆ ಬೆಲೆ. ನಾವು ಮಾರಲು ಹೋದಾಗ ಕೊಳ್ಳುವವನು ಸಿಕ್ಕದೆ ಹೋಗಬಹುದು.

ತೊಂಬತ್ತೈದು ರೂಪಾಯಿ ಒಂಬತ್ತು ಪೈಸೆಯಾದ ಕಥೆ

ಇನ್ಫೋಸಿಸ್ ಕಂಪೆನಿಯು ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿ, ೧೯೮೩ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ೧೯೯೩ರಲ್ಲಿ ಅದು ಸಾರ್ವಜನಿಕರಿಗೆ ಷೇರುಗಳನ್ನು ಕೊಟ್ಟಾಗ ಒಂದರ ಬೆಲೆ ೯೫ ರೂಪಾಯಿ. ಆಗ ಜನರು ಉತ್ಸಾಹದಿಂದ ಮುಂದೆ ಬರಲಿಲ್ಲ. ಕೊಡಲಿದ್ದ ಷೇರುಗಳಷ್ಟಕ್ಕೂ ಅರ್ಜಿಗಳು ಬರಲಿಲ್ಲ. ಒಬ್ಬ ಗೃಹಸ್ಥನು ೯,೫೦೦ ರೂಪಾಯಿ ಕೊಟ್ಟು ೧೦೦ ಷೇರುಗಳನ್ನು ಕೊಂಡು ಸುಮ್ಮನೆ ಇಟ್ಟುಕೊಂಡನೆಂದು ಭಾವಿಸೋಣ. ೧೯೯೪, ೧೯೯೭, ೧೯೯೯ರಲ್ಲಿ ಒಂದಕ್ಕೊಂದರಂತೆ ಬೋನಸ್ ಬಂದು ಅವು ೮೦೦ ಆದವು. ೨೦೦೦ದಲ್ಲಿ ಹತ್ತು ರೂಪಾಯಿಯ ಮುಖಬೆಲೆಯನ್ನು ಐದಕ್ಕೆ ಇಳಿಸಿ ಒಂದನ್ನು ಎರಡಾಗಿ ಒಡೆದರು: ೧,೬೦೦. ೨೦೦೪ರಲ್ಲಿ ಒಂದಕ್ಕೆ ಮೂರು ಬೋನಸ್: ೬,೪೦೦. ೨೦೦೬, ೨೦೧೪, ೨೦೧೫, ೨೦೧೮ರಲ್ಲಿ ಮತ್ತೆ ಒಂದಕ್ಕೊಂದು. ಹೀಗೆ ಆ ನೂರು ೧,೦೨,೪೦೦ ಆಗುತ್ತದೆ.

ಈಗ ೯,೫೦೦ ರೂಪಾಯಿಯನ್ನು ೧,೦೨,೪೦೦ರಿಂದ ಭಾಗಿಸಿದರೆ ಒಂದಕ್ಕೆ ಸುಮಾರು ಒಂಬತ್ತು ಪೈಸೆ ಬೀಳುತ್ತದೆ. ಹಳೆಯ ಬೆಲೆಯನ್ನು ಇಂದಿನ ಷೇರಿನ ಅಳತೆಗೆ ತಂದು ಬರೆಯುವ ಈ ಕ್ರಮಕ್ಕೆ ಬೆಲೆಯನ್ನು ಹೊಂದಿಸುವುದೆನ್ನಬಹುದು. ಕೆಲವು ಪಟ್ಟಿಗಳಲ್ಲಿ ಅಂದಂದಿನ ಬೆಲೆ ಇದ್ದಂತೆಯೇ ಇರುತ್ತದೆ. ಕೆಲವುಗಳಲ್ಲಿ ಹೊಂದಿಸಿದ ಬೆಲೆ ಇರುತ್ತದೆ. ಪಟ್ಟಿಯನ್ನು ಕೈಗೆ ತೆಗೆದುಕೊಂಡೊಡನೆ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ಇದೇ. ಒಂದು ಅಂಕಿಯನ್ನು ಈ ಪಟ್ಟಿಯಿಂದಲೂ ಇನ್ನೊಂದನ್ನು ಆ ಪಟ್ಟಿಯಿಂದಲೂ ತೆಗೆದು ಹೋಲಿಸಿದವನು ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕದಲ್ಲಿ ಬರೆದಂತೆ.

ಬೆಲೆ ಹಠಾತ್ತಾಗಿ ಸರಿಯಾಗಿ ಅರ್ಧವೋ ಕಾಲುಭಾಗವೋ ಆಗಿರುವುದು ಕಂಡರೆ ಮೊದಲು ಬೋನಸ್ಸನ್ನೂ ಒಡೆತವನ್ನೂ ವಿಚಾರಿಸಬೇಕು; ಆ ಬಳಿಕ ಅಳಬಹುದು.

ಲಾಭಾಂಶವನ್ನು ಮರೆಯಬಾರದು

ಕಂಪೆನಿಯು ಆಗಾಗ ಹಂಚುವ ಲಾಭಾಂಶವು ಬರಿಯ ಬೆಲೆಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ನೂರು ರೂಪಾಯಿಗೆ ಕೊಂಡ ಷೇರು ಹತ್ತು ವರ್ಷಗಳಾದ ಮೇಲೂ ನೂರೇ ಇದ್ದು, ವರ್ಷಕ್ಕೆ ಐದು ರೂಪಾಯಿ ಲಾಭಾಂಶ ಬಂದಿದ್ದರೆ ಕೈಗೆ ಐವತ್ತು ರೂಪಾಯಿ ಸೇರಿದೆ. ತೋಟದ ಬೆಲೆ ಏರಲಿಲ್ಲವೆಂದು ಮರುಗುವವನು ಹತ್ತು ವರ್ಷ ತಿಂದ ತೆಂಗಿನಕಾಯಿಗಳನ್ನು ಎಣಿಸಬೇಡವೆ?

ಏರಿಕೆಯನ್ನು ವರ್ಷಗಳಿಗೆ ಹಂಚಿ ನೋಡುವುದೂ ಅವಶ್ಯ. ಇದಕ್ಕೊಂದು ಸುಲಭವಾದ ಸೂತ್ರವಿದೆ. ಹಣವು ಇಮ್ಮಡಿಯಾಗಲು ಹಿಡಿದ ವರ್ಷಗಳಿಂದ ೭೨ನ್ನು ಭಾಗಿಸಿದರೆ ಚಕ್ರಬಡ್ಡಿಯ ದರವು ಸುಮಾರಾಗಿ ದೊರೆಯುತ್ತದೆ. ಹನ್ನೆರಡು ವರ್ಷಗಳಲ್ಲಿ ಎರಡರಷ್ಟಾಯಿತೆಂದರೆ ಕೇಳಲು ಸೊಗಸು; ಲೆಕ್ಕದಲ್ಲಿ ಅದು ನೂರಕ್ಕೆ ವರ್ಷಕ್ಕೆ ಆರು ಮಾತ್ರ. ಬ್ಯಾಂಕಿನ ನಿರಖು ಠೇವಣಿಯ ಬಡ್ಡಿಯೊಡನೆ ಇದನ್ನು ಹೋಲಿಸಿದ ಮೇಲೆಯೇ ಹಿಗ್ಗಬೇಕು.

ದಿನಾಂಕವನ್ನು ಆರಿಸುವ ಚಮತ್ಕಾರ

ಒಂದೇ ಪಟ್ಟಿಯಿಂದ ಇಬ್ಬರು ಎರಡು ಬಗೆಯ ಸತ್ಯವನ್ನು ಹೇಳಬಲ್ಲರು. ಬಾಂಬೆ ಷೇರುಪೇಟೆಯ ಸೆನ್ಸೆಕ್ಸ್ ಎಂಬ ಸೂಚ್ಯಂಕವನ್ನು ನೋಡಿರಿ. ೧೯೭೮-೭೯ರ ಬೆಲೆಯನ್ನು ೧೦೦ ಎಂದು ಹಿಡಿದು ಲೆಕ್ಕಹಾಕುವ ಈ ಸೂಚ್ಯಂಕವು ೨೦೦೮ರ ಜನವರಿಯಲ್ಲಿ ೨೦,೮೦೦ಕ್ಕೆ ಮೇಲ್ಪಟ್ಟು ಇತ್ತು. ೨೦೦೯ರ ಮಾರ್ಚಿ ತಿಂಗಳಲ್ಲಿ ಸುಮಾರು ೮,೧೬೦ಕ್ಕೆ ಬಿತ್ತು. ೨೦೧೦ರ ನವೆಂಬರಿನಲ್ಲಿ ಮರಳಿ ೨೧,೦೦೦ವನ್ನು ಮುಟ್ಟಿತು. ಮೊದಲನೆಯ ದಿನಾಂಕದಿಂದ ಎಣಿಸಿದವನಿಗೆ ಸುಮಾರು ಮೂರು ವರ್ಷಗಳಲ್ಲಿ ಹೆಚ್ಚುಕಡಮೆ ಏನೂ ದಕ್ಕಲಿಲ್ಲ. ಎರಡನೆಯದರಿಂದ ಎಣಿಸಿದವನಿಗೆ ಎರಡು ವರ್ಷ ತುಂಬುವುದರೊಳಗಾಗಿ ಹಣ ಎರಡೂವರೆಯಷ್ಟಾಯಿತು. ಷೇರು ಮಾರಲು ಬರುವ ದಲ್ಲಾಳಿಯು ಎಲ್ಲಿಂದ ಎಣಿಸುವನೆಂದು ಹೇಳಬೇಕಾದುದಿಲ್ಲ! ಆದುದರಿಂದ ಒಂದೇ ಅವಧಿಯನ್ನು ನಂಬದೆ, ಐದು ವರ್ಷಗಳ ತುಂಡುಗಳನ್ನು ಬೇರೆಬೇರೆ ತಿಂಗಳುಗಳಿಂದ ಮೊದಲುಮಾಡಿ ಹಲವು ಸಲ ನೋಡಬೇಕು.

ಇನ್ನೊಂದು ಸೂಕ್ಷ್ಮವುಂಟು. ಮೇಲಿನ ಇಳಿತವು ನೂರಕ್ಕೆ ಸುಮಾರು ಅರವತ್ತೊಂದು. ನೂರಕ್ಕೆ ಅರವತ್ತು ಕಳೆದುಕೊಂಡವನಿಗೆ ಮತ್ತೆ ಅರವತ್ತು ಏರಿದರೆ ಸಾಲದು; ನಲವತ್ತು ಉಳಿದದ್ದು ನೂರಾಗಲು ನೂರಕ್ಕೆ ನೂರೈವತ್ತು ಏರಬೇಕು.

ಪಟ್ಟಿ ಹೇಳದ ಮಾತು

ಹಿಂದಿನ ಬೆಲೆಯು ಮುಂದಿನದಕ್ಕೆ ಜಾಮೀನಲ್ಲ. ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು ತಮ್ಮ ಲೆಕ್ಕಪತ್ರಗಳು ಸುಳ್ಳೆಂದು ೨೦೦೯ನೆಯ ಜನವರಿ ೭ರಂದು ತಾವೇ ಒಪ್ಪಿಕೊಂಡರು. ಹಿಂದಿನ ದಿನ ಸುಮಾರು ೧೭೯ ರೂಪಾಯಿ ಇದ್ದ ಷೇರು ಆ ಒಂದೇ ದಿನದಲ್ಲಿ ೪೦ರ ಸುಮಾರಿಗೆ ಇಳಿಯಿತು. ಅದರ ಹಿಂದಿನ ಹತ್ತು ವರ್ಷಗಳ ಬೆಲೆಯನ್ನು ಎಷ್ಟು ಸಲ ತಿರುವಿಹಾಕಿದರೂ ಆ ಒಪ್ಪಿಗೆಯ ದಿನವು ಗೊತ್ತಾಗುತ್ತಿರಲಿಲ್ಲ. ಒಂಬತ್ತು ಪೈಸೆಯ ಕಥೆಯನ್ನು ಓದುವಾಗಲೂ ನೆನಪಿಡತಕ್ಕ ಮಾತೊಂದಿದೆ. ಅದು ಗೆದ್ದವರ ಕಥೆ. ಅದರೊಡನೆ ಹುಟ್ಟಿ ಹೇಳಹೆಸರಿಲ್ಲದೆ ಹೋದ ಕಂಪೆನಿಗಳ ಪಟ್ಟಿಯನ್ನು ಯಾರೂ ನಮ್ಮ ಮುಂದೆ ಹಿಡಿಯುವುದಿಲ್ಲ.

ಹಾಗಾದರೆ ಈ ಪಟ್ಟಿಯ ಪ್ರಯೋಜನವೇನು? ನಾಳೆಯ ಬೆಲೆಯನ್ನು ಅದು ಹೇಳದು; ಆದರೆ ಎಷ್ಟರ ಮಟ್ಟಿಗೆ ಬೀಳುವುದು ಅಸಾಧ್ಯವಲ್ಲವೆಂಬುದನ್ನೂ, ಬಿದ್ದದ್ದು ಏಳಲು ಎಷ್ಟು ಕಾಲ ಹಿಡಿಯಿತೆಂಬುದನ್ನೂ ಸ್ಪಷ್ಟವಾಗಿ ಹೇಳುತ್ತದೆ. ಗೃಹಸ್ಥನು ಪಟ್ಟಿಯಲ್ಲಿ ಹಿಂದಿನ ಅತಿ ದೊಡ್ಡ ಇಳಿತವನ್ನು ಹುಡುಕಿ, ಅದನ್ನು ತನ್ನ ಮನೆಯ ಅಗತ್ಯದ ಪಕ್ಕದಲ್ಲಿಟ್ಟು ನೋಡಬೇಕು. ಎರಡು ವರ್ಷಗಳಲ್ಲಿ ಕಟ್ಟಬೇಕಾದ ಫೀಜಿನ ಹಣವು, ಮೂರು ವರ್ಷ ಏಳದೆ ಮಲಗಬಹುದಾದ ಕಡೆ ಇರತಕ್ಕದ್ದಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ಭೀತಿಯಿಂದ ಪೇಟೆಯೆಲ್ಲ ಕುಸಿಯಿತು. ಮಾರ್ಚಿ ೨೩ರ ಒಂದೇ ದಿನ ಸೆನ್ಸೆಕ್ಸು ನೂರಕ್ಕೆ ಹದಿಮೂರರಷ್ಟು ಇಳಿಯಿತು. ಆ ತಿಂಗಳು ಇನ್ಫೋಸಿಸ್ ಷೇರು ಐದುನೂರ ಚಿಲ್ಲರೆಗೂ ಬಂದಿತ್ತು. ಅಕ್ಕನು ದೂರವಾಣಿಯಲ್ಲಿ, “ಇದೂ ಬೋನಸ್ಸೇನೋ?” ಎಂದು ಕೇಳಿದಳು. “ಎಷ್ಟು ಷೇರಿವೆ, ಎಣಿಸಕ್ಕ” ಎಂದೆ. ಅರವತ್ತೇ ಇದ್ದವು. ಸಂಖ್ಯೆ ಹೆಚ್ಚಿಲ್ಲ, ಬೆಲೆ ಇಳಿದಿದೆ. ಆದ್ದರಿಂದ ಈ ಸಲದ್ದು ನಿಜವಾದ ಇಳಿತವೇ ಎಂದು ತಾನಾಗಿಯೇ ಹೇಳಿದಳು.

ಆ ವರ್ಷವೇ ಮಗಳ ಕಾಲೇಜಿನ ಫೀಜು ಕಟ್ಟಬೇಕಾಗಿತ್ತು. ಹಿಂದೆ ಗಾಬರಿಯಲ್ಲಿ ಮಾರಿದ ಷೇರುಗಳಿಂದ ಬಂದ ನಲವತ್ತು ಸಾವಿರಕ್ಕೆ ಮಿಕ್ಕ ಹಣವು ಬ್ಯಾಂಕಿನಲ್ಲಿ ಹಾಗೆಯೇ ಇದ್ದುದರಿಂದ, ಬೆಲೆ ಬಿದ್ದಾಗ ಮಾರುವ ಕಷ್ಟ ಬರಲಿಲ್ಲ. “ನೋಡಿದೆಯಾ, ನಾನು ಮಾರಿದ್ದೇ ಒಳ್ಳೆಯದಾಯಿತು” ಎಂದು ಆಕೆ ನಕ್ಕಳು. ಒಳ್ಳೆಯದಾಯಿತು, ನಿಜ. ಆದರೆ ಅದು ಅದೃಷ್ಟದಿಂದ ಆಯಿತು, ವಿಚಾರದಿಂದಲ್ಲ. ಫೀಜಿನ ಹಣವು ಬ್ಯಾಂಕಿನಲ್ಲಿರಬೇಕಾದುದು ಪಟ್ಟಿಯನ್ನು ಓದಿ ತಿಳಿದು ಮಾಡಬೇಕಾಗಿದ್ದ ಏರ್ಪಾಡು.

ಈಗ ಅಕ್ಕನ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಹೆಚ್ಚಾಗಿದೆ. ಅದರಲ್ಲಿ ಷೇರಿನ ಸಂಖ್ಯೆ, ಕೊಂಡ ದಿನ, ಕೊಟ್ಟ ಹಣ, ಬಂದ ಬೋನಸ್ಸು, ಬಂದ ಲಾಭಾಂಶ ಎಂದು ಐದು ಸಾಲುಗಳಿವೆ. ಬೆಲೆಗೆ ಸಾಲಿಲ್ಲ. ಕೇಳಿದರೆ, “ಅದು ಪೇಟೆಯವರ ಪಟ್ಟಿಯಲ್ಲಿ ಇದ್ದೇ ಇರುತ್ತದೆಯಲ್ಲ, ಅಲ್ಲಿಲ್ಲದ್ದನ್ನು ಮಾತ್ರ ನಾನು ಬರೆದಿಟ್ಟುಕೊಳ್ಳುತ್ತೇನೆ” ಎನ್ನುತ್ತಾಳೆ.